ನೇತ್ರದಾನಕ್ಕೆ ಸದ್ಭಾವನಾ ರಾಯಭಾರಿ: ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)
ನಮ್ಮ ಯುವಕ ಸಂಘದಿಂದ ನೇತ್ರದಾನದ ಪ್ರಚಾರ ಶುರು ಮಾಡುತ್ತಿದ್ದೇವೆ. ಹೆಸರಾಂತ ರಂಗ ಕಲಾವಿದೆಯೊಬ್ಬರನ್ನು ಸದ್ಭಾವನಾ ರಾಯಭಾರಿ ಆಗಿ ಅಂತ ಕೇಳಬೇಕೆಂದಿದ್ದೇವೆ. ಬ್ರ್ಯಾಂಡ್ ಅಂಬಾಸಿಡರ್‌ಗೂ ಇದಕ್ಕೂ ಏನು ವ್ಯತ್ಯಾಸ? ಸಂಭಾವನೆ ಕೊಡಬೇಕಾ? ಪತ್ರದಲ್ಲಿ ಏನು ಬರೆಸಬೇಕು?

ಹರಿಹರದವ
ಬ್ರ್ಯಾಂಡ್ ಅಂಬಾಸಿಡರ್ ದುಡ್ಡು ತಗೊಂಡು ಸರಕು ಮಾರಿಸುತ್ತಾರೆ. ಜಾಹೀರಾತು ದಾರಿ ತಪ್ಪಿಸುವಂತಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಸದ್ಭಾವನಾ ರಾಯಭಾರಿ ಕೊಡುವುದು ಹೆಸರು ಮತ್ತು ಸಮಯ. 1954ರಲ್ಲಿ ಯುನಿಸೆಫ್ ನಟ ಡ್ಯಾನಿ ಕೇ ಅವರನ್ನು ಮಕ್ಕಳ ಪರವಾಗಿ ಓಡಾಡಲು ಕರೆದಾಗಿನಿಂದ ಈ ಪದ್ಧತಿ ಇದೆ.

ಸಂಭಾವನೆ ಬೇಡ, ಆದರೆ ಹೋಗಿಬರುವ ಖರ್ಚು ಅವರ ಮೇಲೆ ಹಾಕಬೇಡಿ. ಅವಧಿ ಒಂದು ವರ್ಷ ಸಾಕು. ಎಷ್ಟು ಕಾರ್ಯಕ್ರಮ, ಫೋಟೋ ಮತ್ತು ದನಿ ಎಲ್ಲೆಲ್ಲಿ ಬಳಸಬಹುದು, ಎಲ್ಲ ಬರೆಸಿ. ಮಧ್ಯದಲ್ಲೇ ಕೈಬಿಡುವ ಷರತ್ತೂ ಇರಲಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಗ ಜಿಂಬಾಬ್ವೆ ಅಧ್ಯಕ್ಷರಾಗಿದ್ದ ರಾಬರ್ಟ್ ಮುಗಾಬೆ ಅವರನ್ನು ರಾಯಭಾರಿ ಮಾಡಿ, ಟೀಕೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಬೇಕಾಯಿತು.

ಕಣ್ಣಿನ ವಿಭಾಗ
ಪತ್ರಕ್ಕಿಂತ ಮೊದಲು ನೇತ್ರ ಬ್ಯಾಂಕ್ ಜೊತೆ ಕೂತು ಮಾತಾಡಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ನೋಂದಣಿಗೆ ಜನ ಮುಗಿಬಿದ್ದರು. ಆದರೆ ಕಾರ್ಡ್ ತುಂಬಿದ ಮಾತ್ರಕ್ಕೆ ಕಣ್ಣು ಸಿಗುವುದಿಲ್ಲ. ಸಾವಾದ ಹೊತ್ತಿನಲ್ಲಿ ಮನೆಯವರು ಒಪ್ಪಿ ಫೋನ್ ಮಾಡಬೇಕು, 6 ಗಂಟೆಯೊಳಗೆ ತೆಗೆಯಬೇಕು. ಜಗಳೂರು ಕಡೆಯ ಹಳ್ಳಿಗೆ ರಾತ್ರಿ ಗಾಡಿ ಹೊರಡುತ್ತಾ, ಫೋನ್ ಯಾರು ಎತ್ತುತ್ತಾರೆ? ಇದು ಖಚಿತವಾಗದೆ ಪ್ರಚಾರ ಮಾಡಿದರೆ, ಕಾದು ಕೂತ ಮನೆಯವರು ‘ಕರೆದರೂ ಬರಲಿಲ್ಲ’ ಅಂತ ಊರಿಗೆಲ್ಲ ಹೇಳುತ್ತಾರೆ. ಆಮೇಲೆ ಆ ಊರಲ್ಲಿ ಯಾರೂ ಕೊಡುವುದಿಲ್ಲ.

ಕಲಾವಿದೆಗೆ ಉದ್ದ ಭಾಷಣ ಬರೆದುಕೊಡಬೇಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಡಿ, ಕೂಡಲೇ ಫೋನ್ ಮಾಡಿ: ಇಷ್ಟು ಹೇಳಿಸಿ. ಸಕ್ಕರೆ ಕಾಯಿಲೆ ಇದ್ದರೂ, ಪೊರೆಯ ಆಪರೇಷನ್ ಆಗಿದ್ದರೂ ಕೊಡಬಹುದು. ಮುಖ ವಿಕಾರ ಆಗುವುದಿಲ್ಲ ಅನ್ನುವುದನ್ನು ಅವರ ಬಾಯಲ್ಲೇ ಎರಡು ಸಲ ಹೇಳಿಸಿ, ಜನರಿಗೆ ಆ ಭಯವೇ ಹೆಚ್ಚು.

ಚನ್ನಗಿರಿಯಿಂದ
ಚುನಾವಣೆಗೆ ನಿಲ್ಲುವ ಮನಸ್ಸಿದ್ದವರನ್ನು ಕರೆಯಬೇಡಿ. ಒಂದು ಪಕ್ಷದವರು ಬಂದರೆ ಇನ್ನೊಂದು ಪಕ್ಷದವರು ದೂರ ನಿಲ್ಲುತ್ತಾರೆ. ಕಲಾವಿದೆಯಾದರೆ ದುಗ್ಗಮ್ಮನ ಜಾತ್ರೆ ಹೊತ್ತಿನಲ್ಲಿ ನಾಟಕದ ವಿರಾಮಕ್ಕೆ ಎರಡು ನಿಮಿಷ ಮಾತಾಡಲಿ. ನಂಬರ್ ದಪ್ಪಕ್ಷರದಲ್ಲಿರುವ ಚೀಟಿ ಬಾಗಿಲಲ್ಲೇ ಹಂಚಿ, ಅವರು ವೇದಿಕೆ ಮೇಲಿಂದಲೇ ‘ಈಗಲೇ ಮೊಬೈಲಲ್ಲಿ ಸೇವ್ ಮಾಡಿಕೊಳ್ಳಿ’ ಅನ್ನಲಿ.