ನೇಮ್ ಜನರೇಟರ್ ಕೊಟ್ಟ ಹೆಸರನ್ನೇ ಡೊಮೇನ್ ಮಾಡ್ಕೊಂಡವರು ಇದ್ದೀರಾ?

ಅಪ್ಪೆಮಿಡಿ: ಶಿರಸಿ ಕಡೆಯ ಹಲಸಿನ ಹಪ್ಪಳ, ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರಬೇಕು ಅಂತಿದ್ದೇವೆ. ಸೈಟಿಗೆ ಹೆಸರು ಸೂಚಿಸುವ ನೇಮ್ ಜನರೇಟರ್‌ಗೆ 'ಹಪ್ಪಳ' ಅಂತ ಹಾಕಿದರೆ ರಾಶಿ ಹೆಸರು ಸುರಿಯಿತು. ಅದರಲ್ಲೇ ಒಂದನ್ನು ಡೊಮೇನ್ (ವೆಬ್ ವಿಳಾಸ) ಆಗಿ ತಗೊಳ್ಳಬಹುದಾ? ಬಳಸಿದವರು ಹೇಳಿ.

ಕಾಪಿಪುಡಿ: ತಗೊಳ್ಳಿ, ಆದರೆ ಎರಡನೇ ವರ್ಷದ ಬಿಲ್ ನೋಡಿ ತಗೊಳ್ಳಿ. ನಮ್ಮದು .ಸ್ಟೋರ್ ಅಂತ ಮುಗಿಯುವ ಡೊಮೇನ್. ಮೊದಲ ವರ್ಷ 99 ರೂಪಾಯಿ, ನವೀಕರಣಕ್ಕೆ ಮೂರು ಸಾವಿರದ ಮೇಲೆ, ಅದಕ್ಕೆ 18% ಜಿಎಸ್‌ಟಿ ಬೇರೆ. ರಿನ್ಯೂವಲ್ ದರ ಕಾರ್ಟ್‌ನಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇರುತ್ತೆ. ಇನ್ನು 'ಪ್ರೀಮಿಯಂ' ಅಂತ ತೋರಿಸುವುದರಲ್ಲಿ ಎರಡು ಜಾತಿ. ಯಾರೋ ಹಿಡಿದಿಟ್ಟು ಮರುಮಾರಾಟಕ್ಕೆ ಇಟ್ಟಿದ್ದು ಒಂದು: ಒಮ್ಮೆ ದೊಡ್ಡ ಮೊತ್ತ, ಆಮೇಲೆ ಮಾಮೂಲಿ ದರ. ರಿಜಿಸ್ಟ್ರಿಯೇ (.ಸ್ಟೋರ್ ಥರದ ಕೊನೆಯ ಭಾಗ ನಡೆಸುವ ಸಂಸ್ಥೆ) ಪ್ರೀಮಿಯಂ ಎಂದಿದ್ದು ಇನ್ನೊಂದು: ಬಹುತೇಕ ಪ್ರತಿ ವರ್ಷವೂ ಅದೇ ದೊಡ್ಡ ಮೊತ್ತ. ಟೂಲ್ ಎರಡಕ್ಕೂ ಒಂದೇ ಗುರುತು ಹಾಕುತ್ತೆ. ಹಾಕದೆ ಇನ್ನೇನು, ಎಷ್ಟೋ ಜನರೇಟರ್‌ಗಳ ಹೊಟ್ಟೆ ತುಂಬುವುದೇ ರಿಜಿಸ್ಟ್ರಾರ್ (ನಮಗೆ ಡೊಮೇನ್ ಮಾರುವ ಕಂಪನಿ) ಕೊಡುವ ಕಮಿಷನ್‌ನಿಂದ.

ಸರ್ವರ್‌ಭಟ್ಟ: ಟೂಲ್ ತಪ್ಪಲ್ಲ ಸ್ವಾಮಿ, ಬಳಸೋ ಕ್ರಮ ತಪ್ಪು. ಇಂಥ ಎಷ್ಟೋ ಜನರೇಟರ್‌ಗಳು ನೀವು ಕೊಟ್ಟ ಪದದ ಹಿಂದೆ ಮುಂದೆ ಇನ್ನೊಂದು ಪದ ಅಂಟಿಸಿ .ಕಾಂ ಖಾಲಿ ಇದೆಯಾ ಅಂತ ನೋಡುತ್ತವೆ, ಅಷ್ಟೇ. ಕನ್ನಡ ಪದ ಅವಕ್ಕೆ ಬರೀ ಅಕ್ಷರಗಳ ಗುಂಪು. ನಮ್ಮ ಮೂರೂ ಸೈಟಿಗೆ ಹೀಗೇ ಜರಡಿ ಹಿಡಿದದ್ದು, ಇವತ್ತಿಗೂ ಒಂದರದ್ದೂ ತಕರಾರಿಲ್ಲ:

ಮೊದಲು ಫೋನಿನಲ್ಲಿ ಹೇಳಿ ನೋಡಿ. ಹಪ್ಪಳಕ್ಕೆ ಒಂದು 'ಪಿ'ಯೋ ಎರಡೋ ಅಂತ ಎದುರಿನವರು ಕೇಳಿದರೆ ಆ ಹೆಸರು ಬಿಡಿ, ಇಲ್ಲಾ ಎರಡೂ ಕಾಗುಣಿತ ಕೊಂಡು ಒಂದನ್ನು ಇನ್ನೊಂದಕ್ಕೆ ರೀಡೈರೆಕ್ಟ್ ಮಾಡಿ. ಹೈಫನ್ ಬೇಡ. ಆಮೇಲೆ ಟೂಲಿನ ಹಸಿರು ಟಿಕ್ ನಂಬದೆ ಆರ್‌ಡಿಎಪಿಯಲ್ಲಿ (ಡೊಮೇನ್ ನೋಂದಣಿ ದಾಖಲೆ ತೋರಿಸುವ ಸೇವೆ) ಹುಡುಕಿ. ಕೆಲವು ಟೂಲ್ ಡಿಎನ್‌ಎಸ್ (ಹೆಸರು ಯಾವ ಸರ್ವರ್‌ಗೆ ಹೋಗುತ್ತೆ ಅನ್ನುವ ಪಟ್ಟಿ) ಮಾತ್ರ ನೋಡುತ್ತವೆ. ಯಾರೋ ಕೊಂಡು ಯಾವ ಸರ್ವರ್‌ಗೂ ಜೋಡಿಸದೆ ಮಲಗಿಸಿದ ಹೆಸರು ಅವಕ್ಕೆ ಖಾಲಿ ಕಾಣುತ್ತೆ. ಅವಧಿ ಮುಗಿದ .ಕಾಂ ಕೂಡ ತಕ್ಷಣ ಸಿಗಲ್ಲ: 45 ದಿನದವರೆಗೆ ಗ್ರೇಸ್ (ಹಳೆಯ ಮಾಲೀಕ ನವೀಕರಿಸಬಹುದು), 30 ದಿನ ರಿಡೆಂಪ್ಶನ್ (ಹೆಚ್ಚು ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದು), 5 ದಿನ ಪೆಂಡಿಂಗ್ ಡಿಲೀಟ್ (ಅಳಿಸುವ ಮುಂಚಿನ ಕಾಯುವಿಕೆ). ಕೊನೆಗೆ ವೇಬ್ಯಾಕ್ ಮಷೀನ್ (ಸೈಟುಗಳ ಹಳೆಯ ರೂಪ ತೋರಿಸುವ ತಾಣ) ನೋಡಿ. ಮೊದಲು ಅಲ್ಲಿ ಜೂಜಿನ ಸೈಟ್ ಇದ್ದರೆ ನಿಮ್ಮ ಆರ್ಡರ್ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಇದೆ.

ಅಂಗಡಿಅಮ್ಮ: ಇಷ್ಟುದ್ದ ಬರೆದು ಟ್ರೇಡ್‌ಮಾರ್ಕ್ ಬಗ್ಗೆ ಒಂದಕ್ಷರ ಇಲ್ಲವಲ್ಲ ಭಟ್ಟರೇ! ಡೊಮೇನ್ ಖಾಲಿ ಇದೆ ಅಂದರೆ ಹೆಸರು ಖಾಲಿ ಇದೆ ಅಂತಲ್ಲ. ಜನರೇಟರ್ ಕೊಟ್ಟ ಹೆಸರಿಗೆ ನಮಗೆ ಬೇರೆ ಕಂಪನಿಯ ವಕೀಲರ ನೋಟಿಸ್ ಬಂತು. ಲೇಬಲ್ ಮರುಮುದ್ರಣ, ಪೌಚ್ ಪ್ರಿಂಟಿಂಗ್ ಸಿಲಿಂಡರ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್‌ನಲ್ಲಿ ಹೆಸರು ತಿದ್ದುಪಡಿ, ಎಲ್ಲಾ ನಮ್ಮ ತಲೆಗೇ. ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಸೈಟ್ ಐಪಿ ಇಂಡಿಯಾದಲ್ಲಿ ಪಬ್ಲಿಕ್ ಸರ್ಚ್ ಉಚಿತ. ಉಪ್ಪಿನಕಾಯಿಗೆ 29ನೇ ವರ್ಗ, ಆನ್‌ಲೈನ್ ಮಾರಾಟಕ್ಕೆ 35. 'ವರ್ಡ್‌ಮಾರ್ಕ್' ಒಂದೇ ಸಾಲದು, ಉಚ್ಚಾರದಲ್ಲಿ ಹೋಲುವ ಹೆಸರು ಹುಡುಕುವ 'ಫೊನೆಟಿಕ್' ಸರ್ಚನ್ನೂ ಹಾಕಿ. ಆನ್‌ಲೈನ್ ಅರ್ಜಿಗೆ ವರ್ಗಕ್ಕೆ 4,500 ರೂಪಾಯಿ, ಸಣ್ಣ ಉದ್ದಿಮೆಯೋ ಸ್ಟಾರ್ಟಪ್ಪೋ ಅಲ್ಲದ ಕಂಪನಿಯಾದರೆ 9,000. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳು.

ಸರ್ವರ್‌ಭಟ್ಟ: ಅಕ್ಕಾ, ಹಪ್ಪಳ ಲಟ್ಟಿಸೋಕೆ ಮುಂಚೆ ಎರಡು ವರ್ಗಕ್ಕೆ ಒಂಬತ್ತು ಸಾವಿರ ಸುರಿ ಅಂತೀರಾ?

ಅಂಗಡಿಅಮ್ಮ: ಸರ್ಚ್ ಉಚಿತ ಅಂತ ಬರೆದಿದ್ದೇನೆ, ಓದಿ. ಇನ್ನೊಂದು: ಜನರೇಟರ್ ಕೊಡೋ 'ಹಪ್ಪಳ ಹಬ್', 'ಹಪ್ಪಳ ಮಾರ್ಟ್' ಎಲ್ಲಾ ಸರಕಿನ ವರ್ಣನೆ. ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 9ರ ಅಡಿ ಪರೀಕ್ಷಕರು ಆಕ್ಷೇಪ ಎತ್ತುತ್ತಾರೆ. ಅರ್ಜಿ ಹಾಕಿದ ದುಡ್ಡು ವಾಪಸ್ ಬರಲ್ಲ.

ನುಡಿಬಳಗ: ಕನ್ನಡದಲ್ಲೇ .ಭಾರತ ಡೊಮೇನ್ ಇರುವಾಗ ಈ ಇಂಗ್ಲಿಷ್ ಕಾಗುಣಿತದ ಗೋಳೇ ಬೇಡ. ನಾವು ತಗೊಂಡಿದ್ದೇವೆ, ಹೆಮ್ಮೆಯಿದೆ.

ಸರ್ವರ್‌ಭಟ್ಟ: ಹೆಮ್ಮೆ ಸರಿ, ಮೇಲ್ ಹೋಗುತ್ತಾ? ಎಷ್ಟೋ ಫಾರ್ಮ್‌ಗಳು ಕನ್ನಡ ವಿಳಾಸವನ್ನು 'ಇನ್‌ವ್ಯಾಲಿಡ್' ಅನ್ನುತ್ತವೆ. ಲಿಂಕ್ ಕಾಪಿ ಮಾಡಿದರೆ 'ಎಕ್ಸ್‌ಎನ್' ಅಂತ ಶುರುವಾಗುವ ಪ್ಯೂನಿಕೋಡ್ (ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಸಂಕೇತ) ಬಾಲ. ಗಿರಾಕಿ ಅದನ್ನು ವೈರಸ್ ಅಂದ್ಕೊಂಡು ಮುಟ್ಟಲ್ಲ.

ನುಡಿಬಳಗ: ನಿಮ್ಮಂಥವರು ಬಳಸದೇ ಇರೋದರಿಂದಲೇ ಹೀಗಾಗಿರೋದು. ಪೋಸ್ಟರಿಗೆ, ಬಸ್ ಸ್ಟ್ಯಾಂಡಿನ ಬೋರ್ಡಿಗೆ ಕನ್ನಡ ಹೆಸರು, ಮೇಲ್‌ಗೆ .ಇನ್. ಎರಡೂ ಇಟ್ಟುಕೊಂಡರೆ ಯಾರ ಗಂಟು ಹೋಗುತ್ತೆ?

ಕಾಪಿಪುಡಿ: ನನ್ನ ಗಂಟು ಹೋಗುತ್ತೆ. ಎರಡು ಡೊಮೇನ್ ಅಂದರೆ ಎರಡು ನವೀಕರಣ. ಆಟೋ-ರಿನ್ಯೂ ಆನ್ ಇದೆ ಅಂತ ಮೈಮರೆಯಬೇಡಿ. 2021ರ ಅಕ್ಟೋಬರ್‌ನಿಂದ ಆರ್‌ಬಿಐ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತಕ್ಕೆ ಕೊಡುವ ಒಪ್ಪಿಗೆ) ನಿಯಮ ಬಂದ ಮೇಲೆ ಎಷ್ಟೋ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ನಮ್ಮ ಕಾರ್ಡಿನ ಆಟೋ ಪಾವತಿ ಸದ್ದಿಲ್ಲದೆ ಫೇಲ್ ಆಗುತ್ತೆ. ಎಚ್ಚರಿಕೆ ಮೇಲ್ ಬರುವುದು ಖಾತೆ ತೆರೆದಾಗ ಕೊಟ್ಟ ವಿಳಾಸಕ್ಕೆ. ಅದೂ ಅದೇ ಡೊಮೇನ್‌ನ ವಿಳಾಸವಾಗಿದ್ದರೆ ಡೊಮೇನ್ ನಿಂತಾಗ ಮೇಲೂ ನಿಲ್ಲುತ್ತೆ.

ಅಂಗಡಿಅಮ್ಮ: ಅದಕ್ಕೇ ಡೊಮೇನ್ ಖಾತೆ ವೆಬ್ ಡಿಸೈನರ್ ಹೆಸರಲ್ಲಿ ಮಾಡಿಸಬೇಡಿ, ಎಚ್ಚರಿಕೆ ಮೇಲ್ ಅವರಿಗೇ ಹೋಗುತ್ತೆ ಅಂತ ಬಡ್ಕೊಳ್ಳೋದು.

ಸರ್ವರ್‌ಭಟ್ಟ: ಡಿಸೈನರ್‌ಗಳನ್ನೆಲ್ಲ ಕಳ್ಳರ ಸಾಲಿಗೆ ಸೇರಿಸಬೇಡಿ. ಓಟಿಪಿ ಕೇಳಿದರೆ ಮೂರು ದಿನ ಫೋನ್ ಎತ್ತದ ಗಿರಾಕಿಗಳ ಕಥೆ ಬೇರೆ ಥ್ರೆಡ್‌ನಲ್ಲಿ ಬರೀತೀನಿ.