ಅಪ್‌ಡೇಟ್: 200 ಲೀಟರ್ ರೀಫ್ ಟ್ಯಾಂಕ್, ಉಪ್ಪುನೀರು ಮತ್ತು ಸಂಪ್

ನನ್ನ ರೀಫ್ ಟ್ಯಾಂಕಿಗೆ (ಹವಳ ಸಾಕುವ ಅಕ್ವೇರಿಯಂ) ಉಪ್ಪುನೀರು ಕಲಸುವ ಕ್ರಮ, ಕರೆಂಟ್ ಹೋದಾಗ ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಉಕ್ಕದಂತೆ ತಡೆಯುವ ದಾರಿ ಕೇಳಿದ್ದೆ. ಈಗಿನ ಸ್ಥಿತಿ ಹೀಗಿದೆ.

ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆ ಇರುವ ಆರ್‌ಒ-ಡಿಐ (ಪೂರ್ತಿ ಶುದ್ಧೀಕರಿಸಿದ) ನೀರಿಗೆ ಲೀಟರಿಗೆ ಸುಮಾರು 37 ಗ್ರಾಂ ರೀಫ್ ಸಾಲ್ಟ್, ಪಂಪ್ ಓಡುತ್ತಿರುವಾಗಲೇ ಸ್ವಲ್ಪಸ್ವಲ್ಪವಾಗಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಹಿಡಿಯುತ್ತದೆ, ಆಮೇಲೆ ಕಲಕಿದರೂ ಕರಗದು. ಗುರಿ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು). ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಲ್ಲ, 35 ಪಿಪಿಟಿ ದ್ರಾವಣದಲ್ಲೇ ಸರಿಹೊಂದಿಸಿದ್ದು.

ಸಂಪಿನ ನೀರನ್ನು ಮೇಲೆ ಟ್ಯಾಂಕಿಗೆ ಕಳಿಸುವ ರಿಟರ್ನ್ ಪಂಪ್ ನಿಲ್ಲಿಸಿ ನೋಡಿದಾಗ, ಟ್ಯಾಂಕಿನಿಂದ ಇಳಿಯುವಷ್ಟು ನೀರು ಇಳಿದ ಮೇಲೂ ಸಂಪಿನ ಅಂಚಿಗೆ 3 ಸೆಂ.ಮೀ. ಬಾಕಿ. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಕೊರೆದ ಸೈಫನ್ ತೂತಿನ ಕೆಲಸ ಇದು: ಮಟ್ಟ ಇಳಿದಾಗ ಅದು ಗಾಳಿ ಎಳೆದು, ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಪಾಚಿ ಕಟ್ಟುತ್ತದೆ, ಆಗಾಗ ಕಡ್ಡಿ ಆಡಿಸಬೇಕು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನಂಬಿ ಕೂರುವಂತಿಲ್ಲ.

ಆವಿಯಾದಷ್ಟಕ್ಕೆ ಸಿಹಿನೀರೇ ಟಾಪ್‌ಅಪ್. ಜೀವಿಗಳಿಗೆ ವಿಷವಾಗುವ ಅಮೋನಿಯಾ ಇನ್ನೂ 0.5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಅರ್ಧ ಭಾಗ) ಇದೆ, ಹಾಗಾಗಿ ಹವಳ ಸದ್ಯಕ್ಕಿಲ್ಲ.