ಪದಚರ್ಚೆ: ರೋಮನ್ನರ ‘ವಿಲ್ಲಾ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರೋಮನ್ನರ ಕಾಲದ ಹಳ್ಳಿಗಾಡಿನ ವಿಲ್ಲಾಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಮಾಡುತ್ತಿದ್ದೇನೆ. ನೆಲ ಅಗೆದಾಗ ಸಿಕ್ಕ ಗೋಡೆ, ಗುಡಾಣ, ಒಲೆ, ಮಂಚಗಳಿಂದ ಅಲ್ಲಿದ್ದವರ ದಿನನಿತ್ಯದ ಬದುಕು ಏನೇನು ತಿಳಿಯುತ್ತದೆ ಅನ್ನುವುದು ಅದರ ವಿಷಯ. ಸಂಗತಿಗಳಿಗೆ ಬರವಿಲ್ಲ, ಬರ ಇರುವುದು ಪದಗಳಿಗೆ. ಹಾಗಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ‘ವಿಲ್ಲಾ’ ಅನ್ನುವ ಪದವನ್ನೇ ನೋಡಿ. ಅದನ್ನು ಹಾಗೇ ಉಳಿಸಿಕೊಂಡರೆ ಆಯ್ತಲ್ಲ ಅನ್ನಬಹುದು. ಆದರೆ ಇವತ್ತು ಕನ್ನಡದಲ್ಲಿ ವಿಲ್ಲಾ ಅಂದರೆ ಊರಾಚೆ ಕಾಂಪೌಂಡು ಹಾಕಿ, ಗೇಟಿಗೆ ಸೆಕ್ಯೂರಿಟಿ ಇಟ್ಟು, ಸಾಲಾಗಿ ಕಟ್ಟಿ ಮಾರುವ ದುಬಾರಿ ಮನೆ. ಹೋರ್ಡಿಂಗ್ ಮೇಲಿನ ಪದ. ರೋಮನ್ ವಿಲ್ಲಾ ಅಂತ ಬರೆದರೆ ಓದುವವರಿಗೆ ಅಮೃತಶಿಲೆಯ ಕಂಬ, ಈಜುಕೊಳ, ಒರಗಿ ಕೂತ ಶ್ರೀಮಂತ ಇಷ್ಟೇ ಕಾಣುತ್ತದೆ. ಅಂಥವೂ ಇದ್ದವು, ಸುಳ್ಳಲ್ಲ. ಇಟಲಿಯ ಹಳೆಯ ಪಟ್ಟಣ ಪೊಂಪೆಯಿ ಹತ್ತಿರದ ಓಪ್ಲಾಂಟಿಸ್‌ನಲ್ಲಿ ಸುಮಾರು 60 ಮೀಟರ್ ಉದ್ದದ ಕೊಳ ಸಿಕ್ಕಿದೆ. ಆದರೆ ವಿಲ್ಲಾ ಅಂದರೆ ಮುಖ್ಯವಾಗಿ ಬೆಳೆ ಬೆಳೆದು, ಹಿಂಡಿ, ತುಂಬಿಟ್ಟು, ಮಾರುವ ಜಾಗ.

ಕ್ರಿ.ಶ. 1ನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ಕೊಲುಮೆಲ್ಲಾ ವಿಲ್ಲಾವನ್ನು ಮೂರು ಭಾಗ ಮಾಡುತ್ತಾನೆ. ಒಡೆಯನು ಬಂದರೆ ಉಳಿಯುವ ‘ಉರ್ಬಾನಾ’. ಕೆಲಸದವರೂ ದನಗಳೂ ಇರುವ ‘ರುಸ್ಟಿಕಾ’. ಎಣ್ಣೆ, ದ್ರಾಕ್ಷಾರಸ, ಕಾಳು, ಹುಲ್ಲು ಇಡುವ ‘ಫ್ರುಕ್ಟುವಾರಿಯಾ’. ಮೂರರಲ್ಲಿ ಒಂದು ಭಾಗ ಮಾತ್ರ ಬಂಗಲೆ, ಅಲ್ವಾ? ಇವಕ್ಕೆ ಸದ್ಯಕ್ಕೆ ‘ಒಡೆಯರ ಭಾಗ’, ‘ಆಳುಗಳ ಭಾಗ’, ‘ದಾಸ್ತಾನಿನ ಭಾಗ’ ಅಂತ ಇಟ್ಟುಕೊಂಡಿದ್ದೇನೆ. ‘ಆಳು’ ಅನ್ನುವುದರ ಬಗ್ಗೆ ನನ್ನದೇ ತಕರಾರಿದೆ, ಮುಂದೆ ಹೇಳುತ್ತೇನೆ.

ಇಡೀ ವಿಲ್ಲಾಗೆ ‘ವಾಡೆ’ ಅನ್ನೋಣ ಅಂತ ಒಮ್ಮೆ ಅನ್ನಿಸಿತ್ತು. ಉತ್ತರ ಕರ್ನಾಟಕದ ದೊಡ್ಡ ವಾಡೆಗಳಲ್ಲಿ ವಾಸದ ಮನೆ, ದನದ ಕೊಟ್ಟಿಗೆ, ಕಾಳಿನ ದಾಸ್ತಾನು ಎಲ್ಲ ಒಂದೇ ಗೋಡೆಯೊಳಗೆ ಇರುತ್ತವೆ. ಆದರೆ ವಾಡೆ ಇರುವುದು ಊರ ನಡುವೆ. ವಿಲ್ಲಾ ತನ್ನ ಜಮೀನಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ಹಾಗೆ ನೋಡಿದರೆ ‘ತೋಟದ ಮನೆ’ಯೇ ಹತ್ತಿರ. ಲ್ಯಾಟಿನ್‌ನಲ್ಲಿ ಜಮೀನನ್ನೂ ಕಟ್ಟಡವನ್ನೂ ಸೇರಿಸಿ ಹೇಳಲು ‘ಫುಂಡುಸ್’ ಅನ್ನುವ ಬೇರೆ ಪದ ಇದೆ. ಅದಕ್ಕೆ ನಮ್ಮ ‘ಹೊಲಮನೆ’ ಚೆನ್ನಾಗಿ ಹೊಂದುತ್ತದೆ. ಹೊಲಮನೆ ಮಾರಿದ ಅಂದರೆ ಎರಡೂ ಹೋಯಿತು ಅಂತ ತಾನೇ ಅರ್ಥ. ಸುಮ್ನೆ ಒಂದು ಮಾತು: ನಮ್ಮ ಸಿನಿಮಾದ ‘ವಿಲನ್’ ಕೂಡ ಈ ವಿಲ್ಲಾದಿಂದಲೇ ಬಂದವನು. ವಿಲ್ಲಾದ ಜಮೀನಿಗೆ ಅಂಟಿಕೊಂಡ ಬಡ ರೈತನಿಗಿದ್ದ ಹೆಸರು ಬರಬರುತ್ತಾ ಕೆಟ್ಟವನ ಹೆಸರಾಯಿತು. ಹೆಸರು ಇಟ್ಟವರು ಯಾರು ಅಂತ ಬೇರೆ ಹೇಳಬೇಕಿಲ್ಲ.

ಇನ್ನು ದಾಸ್ತಾನಿನ ಭಾಗ. ಇಲ್ಲಿ ಕನ್ನಡ ಅಷ್ಟೇನೂ ಕೈ ಕೊಡುವುದಿಲ್ಲ. 1977ರಲ್ಲಿ ಪೊಂಪೆಯಿ ಹತ್ತಿರದ ಬೊಸ್ಕೊರಿಯಾಲೆಯಲ್ಲಿ ‘ವಿಲ್ಲಾ ರೆಜೀನಾ’ ಅನ್ನುವ ಚಿಕ್ಕ ತೋಟದ ಮನೆ ಸಿಕ್ಕಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಬೂದಿಯಲ್ಲಿ ಮುಚ್ಚಿಹೋಗಿದ್ದು. ಅದರ ಅಂಗಳದಲ್ಲಿ 18 ದೊಡ್ಡ ಮಣ್ಣಿನ ಪಾತ್ರೆಗಳನ್ನು ಕತ್ತಿನವರೆಗೆ ಹೂತಿದ್ದಾರೆ. ಎಲ್ಲ ಸೇರಿ ಸುಮಾರು 10,000 ಲೀಟರ್ ಹಿಡಿಯುತ್ತವೆ. ದ್ರಾಕ್ಷಿ ರಸಕ್ಕೆ ಹುದುಗು ಬರುತ್ತಿದ್ದುದು ಅವುಗಳಲ್ಲೇ. ಹೂತಿದ್ದರಿಂದ ಬಿಸಿಲು ಏರಿಳಿದರೂ ಒಳಗಿನ ತಂಪು ಅಷ್ಟಾಗಿ ಬದಲಾಗುತ್ತಿರಲಿಲ್ಲ. ಈ ‘ದೋಲಿಯಂ’ಗೆ ‘ಗುಡಾಣ’ ಅನ್ನುವುದು ನನ್ನ ಆಯ್ಕೆ. ‘ಹಗೇವು’ ಅನ್ನಬಹುದೇ ಅಂತ ಯಾರಾದರೂ ಕೇಳಬಹುದು. ಹಗೇವು ಅಂದರೆ ನೆಲದಲ್ಲಿ ತೋಡಿದ ಕಾಳಿನ ಗುಳಿ. ಇಲ್ಲಿ ಗುಳಿಗಿಂತ ಪಾತ್ರೆ ಮುಖ್ಯ. ಆದ್ದರಿಂದ ‘ಹೂತ ಗುಡಾಣ’.

ಈ ಮನೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಸುತ್ತಲಿನ ದ್ರಾಕ್ಷಿ ಬಳ್ಳಿಗಳ ಬೇರು ಕೊಳೆತು ಬೂದಿಯಲ್ಲಿ ಪೊಳ್ಳು ಉಳಿದಿತ್ತು. ಆ ಪೊಳ್ಳುಗಳಿಂದ ಯಾವ ಬಳ್ಳಿ ಎಲ್ಲಿತ್ತು ಅಂತ ಗುರುತು ಹಚ್ಚಿ, ಅದೇ ಜಾಗಗಳಲ್ಲಿ ಈಗ ಮತ್ತೆ ಬಳ್ಳಿ ನೆಟ್ಟಿದ್ದಾರೆ. ಒಂದು ಮರಿ ಹಂದಿಯ ಅಚ್ಚೂ ಸಿಕ್ಕಿದೆ. ಒಂದು ಊಟದ ಕೋಣೆಗೆ ಬಣ್ಣದ ಚಿತ್ರವಿದೆ. ಉಳಿದ ಕೋಣೆಗಳಲ್ಲಿ ಹೆಚ್ಚಿನವು ಬರಿಗೋಡೆ.

‘ಗಾಣ’ದಲ್ಲಿ ಮಾತ್ರ ನಾನು ಪೂರಾ ಸಿಕ್ಕಿಬಿದ್ದಿದ್ದೇನೆ. ನಮ್ಮ ಗಾಣದಲ್ಲಿ ಅರೆಯುವುದು, ಎಣ್ಣೆ ಬಿಡಿಸುವುದು ಎರಡೂ ಒಟ್ಟಿಗೆ ಆಗುತ್ತದೆ. ರೋಮನ್ನರ ಆಲಿವ್ ಎಣ್ಣೆಗೆ ಎರಡು ಹಂತ. ಮೊದಲು ಕಲ್ಲಿನ ಬಾನಿಯಲ್ಲಿ ಎರಡು ಅರೆಗುಂಡು ಕಲ್ಲುಗಳನ್ನು ತಿರುಗಿಸಿ ಹಣ್ಣಿನ ತಿರುಳು ಬಿಡಿಸುತ್ತಾರೆ. ಬೀಜ ಒಡೆಯಬಾರದು. ಇದು ‘ಟ್ರಪೇಟುಂ’. ಆಮೇಲೆ ಆ ತಿರುಳನ್ನು ಬುಟ್ಟಿಗೆ ತುಂಬಿ, ಮೇಲೆ ಉದ್ದನೆಯ ತೊಲೆ ಇಟ್ಟು, ತೊಲೆಯ ತುದಿಯನ್ನು ಹಗ್ಗದಿಂದ ಕೆಳಕ್ಕೆ ಎಳೆದು ಹಿಂಡುತ್ತಾರೆ. ತುಳಿದ ದ್ರಾಕ್ಷಿಯ ಸಿಪ್ಪೆಗೂ ಇದೇ ತೊಲೆ. ಮೊದಲನೆಯದಕ್ಕೆ ಗಾಣ ಅನ್ನಬಹುದೇನೋ. ಎರಡನೆಯದಕ್ಕೆ? ನಾವು ಒತ್ತು ಶ್ಯಾವಿಗೆ ಮಾಡುವಾಗ ತೊಲೆ ಅದುಮುವುದೂ ಇದೇ ಬಗೆಯ ಕೆಲಸ. ಅದಕ್ಕೆ ‘ಒತ್ತುತೊಲೆ’ ಅಂತ ಕಟ್ಟಿಕೊಂಡಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ ಹೇಳಿ. ಅಗೆದಾಗ ಈ ತೊಲೆ ಸಿಗುವುದು ಕಡಿಮೆ, ಮರವಲ್ಲವೇ. ಕಂಬ ನಿಲ್ಲಿಸಿದ ಕಲ್ಲಿನ ಗುಳಿ, ಇಳಿಜಾರು ನೆಲ, ರಸ ಹರಿಯುವ ಕಾಲುವೆ, ಕೊನೆಗೊಂದು ತೊಟ್ಟಿ, ಇಷ್ಟು ಕಂಡರೆ ಅದು ಹಿಂಡುವ ಕೋಣೆ ಅಂತ ಹೇಳುತ್ತಾರೆ. ಬೊಸ್ಕೊರಿಯಾಲೆಯದೇ ಇನ್ನೊಂದು ವಿಲ್ಲಾದಲ್ಲಿ, ಪಿಸಾನೆಲ್ಲಾದಲ್ಲಿ, 1895ರಲ್ಲಿ ಇಂಥ ತೊಟ್ಟಿಯೊಳಗೆ ನೂರಕ್ಕೂ ಹೆಚ್ಚು ಬೆಳ್ಳಿ ಸಾಮಾನು, ಸಾವಿರದಷ್ಟು ಚಿನ್ನದ ನಾಣ್ಯ ಸಿಕ್ಕವು. ಬೆಳ್ಳಿಯಲ್ಲಿ ಹೆಚ್ಚಿನದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ.

ಈಗ ‘ಆಳು’ ವಿಷಯ. ನನ್ನ ಮುಖ್ಯ ಚರ್ಚೆ ಇದೇ.

ಆಳು ಅಂದರೆ ನಮಗೆ ಕೂಲಿ ತೆಗೆದುಕೊಂಡು ಸಂಜೆ ಮನೆಗೆ ಹೋಗುವವನು. ‘ಜೀತದಾಳು’ ಅನ್ನುವುದು ಇನ್ನೂ ಕಠಿಣ ಪದ. ಆದರೆ ಜೀತದ ಹಿಂದೆ ಸಾಲ ಇರುತ್ತದೆ. ಮನುಷ್ಯನನ್ನೇ ಸಂತೆಯಲ್ಲಿ ಕೊಂಡು ತರುವುದು ಅದರಲ್ಲಿ ಬರುವುದಿಲ್ಲ. ರೋಮನ್ ವಿಲ್ಲಾದಲ್ಲಿ ಅದೇ ನಡೆಯುತ್ತಿತ್ತು. ಕ್ರಿ.ಪೂ. 1ನೇ ಶತಮಾನದ ವಾರ್ರೊ ಬೇಸಾಯದ ಸಲಕರಣೆಗಳನ್ನು ಮೂರು ಬಗೆ ಅನ್ನುತ್ತಾನೆ. ಗಾಡಿ ಮೂಕ ಸಲಕರಣೆ. ಎತ್ತು ಅರೆಮಾತಿನ ಸಲಕರಣೆ. ಗುಲಾಮ ಮಾತಾಡುವ ಸಲಕರಣೆ. ಅವನಿಗಿಂತ ನೂರು ವರ್ಷ ಹಿಂದಿನ ಕೇಟೊ ಇನ್ನೂ ನೇರ. ಮುದಿ ಎತ್ತು, ಹಳೆ ಗಾಡಿ, ವಯಸ್ಸಾದ ಗುಲಾಮ, ಕಾಯಿಲೆಯ ಗುಲಾಮ ಎಲ್ಲವನ್ನೂ ಮಾರಿಬಿಡಿ ಅಂತ ಒಂದೇ ಪಟ್ಟಿಯಲ್ಲಿ ಹೇಳುತ್ತಾನೆ. ಇದನ್ನು ‘ಆಳುಕಾಳು’ ಅಂತ ಅನುವಾದಿಸಿದರೆ ನಾವು ಕೇಟೊನ ಪರ ವಹಿಸಿದ ಹಾಗೆ. ಹಳಗನ್ನಡದ ‘ತೊತ್ತು’ ಇದೆ, ಅದು ಈಗ ಬೈಗುಳ. ಹಾಗಾಗಿ ‘ಗುಲಾಮ’ ಅಂತಲೇ ಬರೆಯಬೇಕು ಅನ್ನುವುದು ನನ್ನ ವಾದ. ಮೇಲೆ ಹೇಳಿದ ‘ಆಳುಗಳ ಭಾಗ’ವನ್ನೂ ತಿದ್ದಬೇಕು.

ಇವರು ಹೇಗೆ ಬದುಕಿದ್ದರು ಅಂತ ಇತ್ತೀಚೆಗೆ ಚೆನ್ನಾಗಿ ಕಂಡದ್ದು ಪೊಂಪೆಯಿಯ ಗೋಡೆಯಾಚೆ ಇರುವ ಚಿವಿತಾ ಜುಲಿಯಾನಾ ವಿಲ್ಲಾದಲ್ಲಿ. ಕಳ್ಳರು ಸುರಂಗ ತೋಡಿ ಲೂಟಿ ಮಾಡುತ್ತಿದ್ದ ಜಾಗ ಅದು. 2021ರಲ್ಲಿ ಅಲ್ಲಿ 16 ಚದರ ಮೀಟರಿನ ಒಂದು ಕೋಣೆ ಬಿಡಿಸಿದರು. ಬೂದಿಯಲ್ಲಿ ಉಳಿದ ಪೊಳ್ಳಿಗೆ ಪ್ಲಾಸ್ಟರ್ ಸುರಿದಾಗ ಮೂರು ಮಂಚಗಳು ಎದ್ದು ಬಂದವು. ಎರಡು ಸುಮಾರು 1.7 ಮೀಟರ್ ಉದ್ದ, ಮೂರನೆಯದು 1.4 ಮೀಟರ್. ಚಿಕ್ಕದು ಮಗುವಿನದಿರಬೇಕು. ಒರಟು ಹಲಗೆಯ ಚೌಕಟ್ಟು, ನಡುವೆ ಹಗ್ಗದ ಹೆಣಿಗೆ, ಮೇಲೆ ಹೊದಿಕೆ. ಕೆಳಗೆ ಮಡಕೆ ಕುಡಿಕೆ, ರಾತ್ರಿ ಉಚ್ಚೆಯ ಪಾತ್ರೆ. ಮೂಲೆಯಲ್ಲಿ ಸರಕಿನ ಆಂಫೊರಾ ಮಡಕೆಗಳು, ಒಂದು ಪೆಟ್ಟಿಗೆಯಲ್ಲಿ ಕುದುರೆ ಸಾಮಾನು. ಎತ್ತರದಲ್ಲಿ ಒಂದು ಪುಟ್ಟ ಕಿಟಕಿ. ಗೋದಾಮಿನಲ್ಲೇ ಜನರನ್ನು ಮಲಗಿಸಿದ ಹಾಗಿದೆ. 2023ರಲ್ಲಿ ತೆರೆದ ಪಕ್ಕದ ಕೋಣೆಯ ಪಾತ್ರೆಗಳೊಳಗೆ ಇಲಿ ಹೆಗ್ಗಣಗಳೂ ಸಿಕ್ಕವು. ಅಲ್ಲಿನ ಎರಡು ಮಂಚಗಳಲ್ಲಿ ಒಂದಕ್ಕೆ ಮಾತ್ರ ಹಾಸಿಗೆ ಇತ್ತು. ಗುಲಾಮರ ನಡುವೆಯೂ ಮೇಲುಕೀಳು.

ಇಲ್ಲಿ ಒಂದು ಪದ ಮಾತ್ರ ಹುಡುಕದೆ ಸಿಕ್ಕಿತು. ಹಗ್ಗ ಹೆಣೆದ ಮಂಚ ಅಂದರೆ ‘ಹೊರಸು’. ದಕ್ಷಿಣದ ಕಡೆಯವರಿಗೆ ಗೊತ್ತಾಗದೇ ಇರಬಹುದು, ಮೊದಲ ಸಲ ‘ಹಗ್ಗದ ಹೊರಸು’ ಅಂತ ಬರೆದರೆ ಸಾಕು.

‘ಪಡಿ’ಯೂ ಹಾಗೇ. ಕೇಟೊ ಗುಲಾಮರಿಗೆ ತಿಂಗಳಿಗೆ ಎಷ್ಟು ಗೋಧಿ ಅಂತ ಲೆಕ್ಕ ಕೊಡುತ್ತಾನೆ. ಹೊಲದಲ್ಲಿ ದುಡಿಯುವವರಿಗೆ ಚಳಿಗಾಲದಲ್ಲಿ 4 ಮೋದಿಯುಸ್, ಬೇಸಿಗೆಯಲ್ಲಿ ನಾಲ್ಕೂವರೆ. ಒಂದು ಮೋದಿಯುಸ್ ಸುಮಾರು 8.7 ಲೀಟರ್ ಅಳತೆ. ಮೇಲ್ವಿಚಾರಕನಿಗೆ 3 ಮಾತ್ರ, ಅವನು ಮೈ ಮುರಿದು ದುಡಿಯುವುದಿಲ್ಲ ಅಂತ. ಕುಡಿಯಲು ದ್ರಾಕ್ಷಿ ಕೊಯ್ಲಾದ ಮೇಲೆ ಮೂರು ತಿಂಗಳು ‘ಲೋರಾ’. ಹಿಂಡಿ ಉಳಿದ ಸಿಪ್ಪೆಗೆ ನೀರು ಹಾಕಿ ಮತ್ತೆ ತೆಗೆದ ತೆಳು ರಸ.

ಎಲ್ಲ ಕಾಲದಲ್ಲೂ ಎಲ್ಲ ಕಡೆಯೂ ಗುಲಾಮರೇ ದುಡಿದರು ಅಂತಲ್ಲ. ಗೇಣಿ ಒಕ್ಕಲುಗಳೂ ಇದ್ದರು. ಜಮೀನ್ದಾರನೂ ಆಗಿದ್ದ ರೋಮನ್ ಲೇಖಕ ಕಿರಿಯ ಪ್ಲಿನಿ ಒಂದು ಪತ್ರದಲ್ಲಿ ತನ್ನ ಒಕ್ಕಲುಗಳ ಬಾಕಿ ಬೆಳೆಯುತ್ತಲೇ ಇದೆ, ಇನ್ನು ಮೇಲೆ ಹಣದ ಗೇಣಿ ಬಿಟ್ಟು ಬೆಳೆಯ ಪಾಲಿಗೆ ಜಮೀನು ಕೊಡುತ್ತೇನೆ ಅಂತ ಬರೆಯುತ್ತಾನೆ. ಇದಕ್ಕೆ ‘ಕೋರು’ ಅನ್ನುವ ಪದ ಇದ್ದೇ ಇದೆ. ಈ ಪ್ಲಿನಿ ಕಡಲ ದಂಡೆಯ ತನ್ನ ಇನ್ನೊಂದು ವಿಲ್ಲಾವನ್ನು ಬಣ್ಣಿಸುವಾಗ ಒಂದು ಮಲಗುವ ಕೋಣೆಯನ್ನು ಹೊಗಳುತ್ತಾನೆ. ಅಲ್ಲಿ ಅಲೆಯ ಸದ್ದೂ ಕೇಳುವುದಿಲ್ಲ, ಗುಲಾಮರ ದನಿಯೂ ಕೇಳುವುದಿಲ್ಲವಂತೆ. ಚಿವಿತಾ ಜುಲಿಯಾನಾದ ಕೋಣೆ ನೋಡಿದ ಮೇಲೆ ಈ ಸಾಲು ಓದಬೇಕು.

ಚಿಕ್ಕಪುಟ್ಟವು ಬೇಗ ಹೇಳಿ ಮುಗಿಸುತ್ತೇನೆ. ‘ಹೈಪೊಕಾಸ್ಟ್’ಗೆ ‘ನೆಲದಡಿಯ ಒಲೆ’ ಸರಿ ಕಾಣುತ್ತದೆ. ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲ ಹಾಸಿ, ಅಡಿಯಲ್ಲಿ ಬಿಸಿ ಗಾಳಿ ಹರಿಸುವ ಏರ್ಪಾಡು. ಸ್ನಾನದ ಕೋಣೆ ಬಿಸಿ ಇರಬೇಕಾದರೆ ಹೊರಗೆ ಯಾರಾದರೂ ಸೌದೆ ತಳ್ಳುತ್ತಲೇ ಇರಬೇಕು. ‘ಮೊಸಾಯಿಕ್’ ಸ್ವಲ್ಪ ಕಷ್ಟ. ನಮ್ಮಲ್ಲಿ ಮೊಸಾಯಿಕ್ ಅಂದರೆ ಹಳೆ ಮನೆಗಳ ಚಿಪ್ಸ್ ಹಾಕಿದ ನೆಲ. ಸಿಸಿಲಿಯ ಪಿಯಾತ್ಸಾ ಅರ್ಮೆರಿನಾದಲ್ಲಿರುವ 4ನೇ ಶತಮಾನದ ವಿಲ್ಲಾದಲ್ಲಿ ಸುಮಾರು 3,500 ಚದರ ಮೀಟರ್ ನೆಲಕ್ಕೆ ಬಣ್ಣದ ಹರಳುಗಲ್ಲು ಜೋಡಿಸಿ ಚಿತ್ರ ಬರೆದಿದ್ದಾರೆ. ಪ್ರಾಣಿಗಳನ್ನು ಹಿಡಿದು ಹಡಗಿಗೆ ಏರಿಸುವ ಉದ್ದನೆಯ ಬೇಟೆಯ ಚಿತ್ರ ಅದರಲ್ಲಿದೆ. ಅದಕ್ಕೆ ‘ಹರಳುಗಲ್ಲಿನ ಚಿತ್ರ’ ಅಂದರೆ ನೇರವಾಗಿ ತಿಳಿಯುತ್ತದೆ.

ಕೊನೆಗೆ ಇಬ್ಬರು ಉಳಿದರು, ‘ವಿಲಿಕುಸ್’ ಮತ್ತು ‘ವಿಲಿಕಾ’. ಒಡೆಯ ಊರಲ್ಲಿರುತ್ತಾನೆ, ವಿಲ್ಲಾ ನಡೆಸುವವರು ಇವರು. ಸಾಮಾನ್ಯವಾಗಿ ಇವರೂ ಗುಲಾಮರೇ. ಕೊಲುಮೆಲ್ಲಾ ಪ್ರಕಾರ ವಿಲಿಕುಸ್‌ನ ಕೋಣೆ ಬಾಗಿಲ ಪಕ್ಕದಲ್ಲಿರಬೇಕು, ಹೋಗಿಬರುವವರೆಲ್ಲ ಕಾಣಬೇಕು. ಅವನ ಮೇಲೆ ಕಣ್ಣಿಡುವ ಇನ್ನೊಬ್ಬನ ಕೋಣೆ ಬಾಗಿಲ ಮೇಲೆ ಇರಬೇಕು! ‘ಕಾರಭಾರಿ’, ‘ಪಾರುಪತ್ಯಗಾರ’ ಅಂದರೆ ಅಧಿಕಾರ ಜಾಸ್ತಿಯಾಯಿತು. ಕಾಫಿ ತೋಟಗಳ ‘ರೈಟರು’ ಲೆಕ್ಕ ಬರೆಯುವವರು. ‘ಮೇಸ್ತ್ರಿ’ ಪರವಾಗಿಲ್ಲ ಅನ್ನಿಸುತ್ತದೆ. ‘ಮೇಟಿ’ ಅನ್ನುವ ಪದವನ್ನು ಹೊಲದ ಕೆಲಸದವರ ಮುಖ್ಯಸ್ಥನಿಗೆ ನಿಮ್ಮ ಕಡೆ ಯಾರಾದರೂ ಬಳಸುವುದು ಕೇಳಿದ್ದೀರಾ?

ವಿಲಿಕಾಗೆ ‘ಮೇಸ್ತ್ರಿಯ ಹೆಂಡತಿ’ ಅನ್ನಲು ಮನಸ್ಸು ಬರುತ್ತಿಲ್ಲ. ಗುಲಾಮರಿಗೆ ಕಾನೂನಿನ ಮದುವೆಯೇ ಇರಲಿಲ್ಲ. ಒಡೆಯ ಆಕೆಯನ್ನು ವಿಲಿಕುಸ್‌ಗೆ ಕೊಡುತ್ತಿದ್ದ, ಅಷ್ಟೇ. ಕೆಲಸ ಮಾತ್ರ ಸಣ್ಣದಲ್ಲ. ಕೇಟೊ 100 ಯೂಗೆರುಂ, ಅಂದರೆ ಸುಮಾರು 25 ಹೆಕ್ಟೇರ್ ದ್ರಾಕ್ಷಿ ತೋಟಕ್ಕೆ 16 ಜನ ಬೇಕು ಅನ್ನುತ್ತಾನೆ, ಅದರಲ್ಲಿ ಆಕೆಯೂ ಒಬ್ಬಳು. ಅಡುಗೆ, ಕೋಳಿ, ಒಣಹಣ್ಣಿನ ದಾಸ್ತಾನು ಎಲ್ಲ ಆಕೆಯದೇ. ದಿನವೂ ಮಲಗುವ ಮುಂಚೆ ಒಲೆಯ ಸುತ್ತ ಗುಡಿಸಬೇಕು. ‘ಯಜಮಾನಿ’ ಅನ್ನುವಂತಿಲ್ಲ, ಯಜಮಾನಿ ಬೇರೆ ಇದ್ದಾಳೆ. ‘ಮನೆವಾರ್ತೆಯವಳು’ ಅಂತ ಬರೆದು ನೋಡಿದೆ. ಸ್ವಲ್ಪ ಉದ್ದವಾಯಿತು. ಇದಕ್ಕಿಂತ ಚಿಕ್ಕದು, ಆಡುಮಾತಿನದು ಯಾರ ಬಳಿಯಾದರೂ ಇದ್ದರೆ ತಿಳಿಸಿ.